ಕೈವಾರದಿಂದ ಕಂಪ್ಯೂಟರ್‌ವರೆಗೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಹಿಂಜರಿದೆ. ನಾನು ಸಾಹಿತಿಯಲ್ಲ. 1983ರಲ್ಲಿ ಇಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಐಟಿಐನಲ್ಲಿ ಮೆಕ್ಯಾನಿಕಲ್ ಡ್ರಾಫ್ಟ್ಸ್‌ಮನ್ ತರಬೇತಿ ಪಡೆದು, ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗಗಳ ನಕ್ಷೆ ಬರೆದು ಜೀವನ ಸಾಗಿಸಿದವನು. ಆದರೆ ನಕ್ಷೆ ಬರೆಯುವ ಕೆಲಸ ಕಾಗದವನ್ನು ಬಿಟ್ಟು ಕಂಪ್ಯೂಟರಿಗೆ ಹೋದದ್ದು ನನ್ನ ಕಣ್ಣೆದುರಿಗೇ. ಆ ಬದಲಾವಣೆಯ ಚರಿತ್ರೆಯನ್ನೂ, ಪಾಠ ಹೇಳುವವರಿಲ್ಲದೆ ನಾನು ಅದನ್ನು ಕಲಿತ ಬಗೆಯನ್ನೂ ನನಗೆ ತಿಳಿದಷ್ಟು ಬರೆಯುತ್ತೇನೆ.

ಮೊದಲು ನಮ್ಮ ಗಣಿತದ ಮೇಷ್ಟ್ರನ್ನು ನೆನೆಯಬೇಕು. ಮರದ ದೊಡ್ಡ ಕೈವಾರಕ್ಕೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಅವರು ಕಪ್ಪುಹಲಗೆಯ ಮೇಲೆ ಕಂಸ ಎಳೆಯುತ್ತಿದ್ದುದು ನನ್ನ ತರಗತಿಯವರಿಗೆ ನೆನಪಿರಬಹುದು. ರೇಖೆಯನ್ನು ಸಮದ್ವಿಭಾಗಿಸಿ ಎಂದಾಗ ನಾನೊಮ್ಮೆ ಅಳತೆಪಟ್ಟಿಯಿಂದ ಅಳೆದು, ಅರ್ಧಕ್ಕೆ ಚುಕ್ಕೆ ಇಟ್ಟು, ಆಮೇಲೆ ತೋರಿಕೆಗೆ ಕಂಸಗಳನ್ನು ಎಳೆದಿದ್ದೆ. ಮೇಷ್ಟ್ರು ಕಂಡುಹಿಡಿದೇಬಿಟ್ಟರು. "ಮಧ್ಯಬಿಂದು ನೀನು ಇಡೋದಲ್ಲ ಕಣೋ, ಅದು ತಾನಾಗಿ ಬರಬೇಕು" ಎಂದು ಹೇಳಿ ಸೊನ್ನೆ ಹಾಕಿದರು. ಉತ್ತರ ಸರಿಯಿದ್ದೂ ಸೊನ್ನೆ ಯಾಕೆ ಎಂದು ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು.

1986ರಲ್ಲಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ಸೇರಿದೆ. ಅಲ್ಲಿ ಪ್ರೆಸ್‌ಗೆ ಬೇಕಾದ ಡೈಗಳನ್ನು ಮಾಡುತ್ತಿದ್ದರು. ಒಂದು ವಸ್ತುವನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ನೋಡಿದಂತೆ ಕಾಗದದ ಮೇಲಿಳಿಸುವುದು ನಮ್ಮ ಕೆಲಸ. ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವನು ಫ್ರಾನ್ಸಿನ ಗಾಸ್ಪಾರ್ ಮೋಂಜ್. ಹದಿನೆಂಟನೆಯ ಶತಮಾನದಲ್ಲಿ ಕೋಟೆ ಕಟ್ಟುವ ಲೆಕ್ಕಕ್ಕಾಗಿ ಅವನು ಕಂಡುಕೊಂಡ ವಿಧಾನವನ್ನು ಅಲ್ಲಿನ ಸೇನೆ ವರ್ಷಗಟ್ಟಲೆ ಗುಟ್ಟಾಗಿಟ್ಟಿತ್ತು. 1795ರಲ್ಲಷ್ಟೇ ಅವನು ಅದನ್ನು ಬಹಿರಂಗವಾಗಿ ಬೋಧಿಸಿದ. ಅಲ್ಲಿಂದ ಸುಮಾರು ಇನ್ನೂರು ವರ್ಷ ಪ್ರಪಂಚದ ಯಂತ್ರಗಳೆಲ್ಲ ಹುಟ್ಟಿದ್ದು ಹಲಗೆ, ಮೂಲೆಪಟ್ಟಿ, ಪೆನ್ಸಿಲ್ಲುಗಳಿಂದಲೇ. ನಮ್ಮ ಆಫೀಸಿನಲ್ಲೂ ಪೆನ್ಸಿಲ್ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಶಾಯಿಯಲ್ಲಿ ತಿದ್ದಬೇಕಿತ್ತು. ತಪ್ಪಾದರೆ ಬ್ಲೇಡಿನಿಂದ ಕೆರೆಯಬೇಕು. ಪ್ರಿಂಟ್ ತೆಗೆಯುವ ಕೋಣೆಯ ಅಮೋನಿಯಾ ವಾಸನೆ ಮನೆಗೆ ಹೋದರೂ ಅಂಗಿ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಬೇರೆ ಕಡೆ ಬೇರೆಯದೇ ನಡೆದಿತ್ತು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿ ತನ್ನ ಪಿಎಚ್‌ಡಿಗಾಗಿ 'ಸ್ಕೆಚ್‌ಪ್ಯಾಡ್' ಎಂಬ ಪ್ರೋಗ್ರಾಂ ಸಿದ್ಧಪಡಿಸಿದ. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆಯಬಹುದಿತ್ತು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಈ ಎರಡು ಗೆರೆ ಸಮಾಂತರವಾಗಿರಲಿ, ಈ ಎರಡು ಸಮವಾಗಿರಲಿ ಎಂದು ಆಜ್ಞೆ ಕೊಟ್ಟರೆ ಯಂತ್ರ ಆ ಸಂಬಂಧವನ್ನು ಕಾಪಾಡುತ್ತಿತ್ತು. ಫ್ರಾನ್ಸಿನ ಕಾರು ಕಂಪನಿಗಳಲ್ಲಿ ದ ಕಾಸ್ತೆಲ್ಜೋ ಮತ್ತು ಬೆಜಿಯೆ ಎಂಬ ಇಬ್ಬರು, ಕೆಲವೇ ಬಿಂದುಗಳಿಂದ ಇಡೀ ವಕ್ರರೇಖೆಯನ್ನು ಹಿಡಿದಿಡುವ ಗಣಿತವನ್ನು ಬೇರೆಬೇರೆಯಾಗಿ ರೂಪಿಸಿದರು. ಇವೆಲ್ಲ ದೊಡ್ಡ ಯಂತ್ರ, ದೊಡ್ಡ ದುಡ್ಡಿನ ಮಾತು. ಸಣ್ಣ ಕಂಪ್ಯೂಟರಿನಲ್ಲೂ ಓಡುವ ಆಟೋಕ್ಯಾಡ್ ಲಾಸ್ ವೇಗಸ್‌ನ ಪ್ರದರ್ಶನದಲ್ಲಿ ಕಾಣಿಸಿಕೊಂಡದ್ದು 1982ರ ನವೆಂಬರಿನಲ್ಲಿ. ಆಗ ನಾವು ಹತ್ತನೆಯ ತರಗತಿಯಲ್ಲಿ ಕೂತು ವೃತ್ತಕ್ಕೆ ಸ್ಪರ್ಶಕ ಎಳೆಯುತ್ತಿದ್ದೆವು.

ನಮ್ಮ ಆಫೀಸಿಗೆ ಒಂದು 386 ಕಂಪ್ಯೂಟರೂ ಆಟೋಕ್ಯಾಡ್‌ನ 12ನೆಯ ಆವೃತ್ತಿಯೂ ಬಂದದ್ದು 1993ರಲ್ಲಿ. ಕಲಿಸಲು ಯಾರೂ ಬರಲಿಲ್ಲ. ಆಸಕ್ತಿಯಿದ್ದವರು ಕಲಿತುಕೊಳ್ಳಿ ಎಂದು ಮಾಲೀಕರು ಹೇಳಿದರು. ಕಲಿಯದವರ ಗತಿ ಏನೆಂದು ಹೇಳಲಿಲ್ಲ. ನನಗಾಗ ಮದುವೆಯಾಗಿ ಒಂದು ವರ್ಷ. ಕೆಲಸ ಮುಗಿದ ಮೇಲೆ ರಾತ್ರಿ ಒಂಬತ್ತರವರೆಗೆ ಆ ಯಂತ್ರದ ಮುಂದೆ ಕೂರತೊಡಗಿದೆ. ನಾನು ಕನ್ನಡ ಮಾಧ್ಯಮದವನು. ಜೆರಾಕ್ಸ್ ಮಾಡಿಸಿದ ಇಂಗ್ಲಿಷ್ ಕೈಪಿಡಿ ಒಂದು ಕಡೆ, ನಿಘಂಟು ಇನ್ನೊಂದು ಕಡೆ. 'ಆಫ್‌ಸೆಟ್' ಎಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಮದುವೆ ಕರೆಯೋಲೆ ಅಚ್ಚು ಹಾಕುವ ಪ್ರೆಸ್ ಮಾತ್ರ. ಒಂದು ಗೆರೆಯಿಂದ ಇಷ್ಟು ದೂರಕ್ಕೆ ಅದರದೇ ಸಮಾಂತರ ಗೆರೆ ಎಂದು ಗೊತ್ತಾದ ದಿನ ಬಹಳ ಸಂತೋಷಪಟ್ಟೆ.

ಮೊದಲ ತಿಂಗಳ ತಪ್ಪು ಕಣ್ಣಳತೆಯದು. ಎರಡು ಗೆರೆಯ ತುದಿ ಕೂಡಿದಂತೆ ಕಾಣುತ್ತಿತ್ತು. ಹಿಗ್ಗಿಸಿ ನೋಡಿದರೆ ನಡುವೆ ಸಂದು. ತುದಿ, ಮಧ್ಯಬಿಂದು, ಛೇದಬಿಂದು, ಸ್ಪರ್ಶಬಿಂದು ಇವನ್ನು ನಾವು ಅಂದಾಜಿನಲ್ಲಿ ಇಡದೆ ಯಂತ್ರಕ್ಕೇ ಹುಡುಕಲು ಹೇಳಬೇಕು, ಅದಕ್ಕೆ ಪ್ರತ್ಯೇಕ ಆಜ್ಞೆಗಳಿವೆ ಎಂದು ತಿಳಿದಾಗ ಮೇಷ್ಟ್ರು ಹಾಕಿದ ಸೊನ್ನೆ ನೆನಪಾಯಿತು. ಮಧ್ಯಬಿಂದು ತಾನಾಗಿ ಬರಬೇಕು!

ಎರಡನೆಯ ತಪ್ಪು ಅಷ್ಟು ಹಗುರವಾಗಿರಲಿಲ್ಲ. ಒಂದು ಡೈನ ಕೆಳಪ್ಲೇಟಿನಲ್ಲಿ ಎರಡು ರಂಧ್ರಗಳ ಅಂತರ 85 ಮಿಲಿಮೀಟರ್ ಇತ್ತು. ಗಿರಾಕಿಯವರು ಅದನ್ನು 80 ಮಾಡಿ ಎಂದರು. ಕಾಗದದ ಮೇಲಾದರೆ ಅವಸರದಲ್ಲಿ ಅಂಕಿಯನ್ನಷ್ಟೇ ತಿದ್ದಿ, ಅಳತೆ ಗೆರೆಗೆ ಹೊಂದಿಲ್ಲವೆಂದು ತೋರಿಸಲು ಅದರ ಕೆಳಗೆ ಅಡ್ಡಗೆರೆ ಎಳೆಯುವುದು ವಾಡಿಕೆ. ನಾನು ಕಂಪ್ಯೂಟರಿನಲ್ಲೂ ಅದೇ ಮಾಡಿದೆ. ಗೆರೆಯನ್ನು 85ರಲ್ಲೇ ಬಿಟ್ಟು ಅಂಕಿಯ ಜಾಗದಲ್ಲಿ 80 ಎಂದು ಟೈಪ್ ಮಾಡಿದೆ. ವಾರ ಬಿಟ್ಟು ಮೇಲಿನ ಪ್ಲೇಟಿಗೆ ಅದೇ ಚಿತ್ರವನ್ನು ನಕಲು ಮಾಡಿಕೊಂಡು ಹೊಸದಾಗಿ ಅಳತೆ ಹಾಕಿದಾಗ ಯಂತ್ರ ಗೆರೆಯನ್ನು ಅಳೆದು 85 ಎಂದೇ ಬರೆಯಿತು. ನಾನು ಗಮನಿಸಲಿಲ್ಲ. ಉಕ್ಕಿನ ಪ್ಲೇಟು ಕೊರೆದು, ಬೆಂಕಿಯಲ್ಲಿ ಹದ ಮಾಡಿಸಿಕೊಂಡು ಬಂದಾಯಿತು. ಜೋಡಿಸುವ ದಿನ ಪಿನ್ನುಗಳು ಒಳಗೆ ಹೋಗಲಿಲ್ಲ.

ಮಾಲೀಕರು ನನ್ನನ್ನು ಮನೆಗೆ ಕಳಿಸಲು ಹೊರಟಿದ್ದರು. ಆಗ ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ ನಕ್ಷೆಯ ಮೂಲೆಯಲ್ಲಿ 'ಪರಿಶೀಲಿಸಿದವರು' ಎಂಬ ಜಾಗದಲ್ಲಿದ್ದ ತಮ್ಮ ಸಹಿ ತೋರಿಸಿ, "ಸಾರ್, ತಪ್ಪು ನಂದೂ ಇದೆ" ಎಂದರು. ನನ್ನ ಕೆಲಸ ಉಳಿಯಿತು. ಮೂರು ತಿಂಗಳು ಸಂಬಳದಲ್ಲಿ ಕಡಿತವಾಯಿತು. ಅವತ್ತು ಸಂಜೆ ಅವರು ಹೇಳಿದ್ದು ಇಷ್ಟೇ: "ನೋಡಪ್ಪಾ, ಕಾಗದದಲ್ಲಿ ಗೆರೆ ಬೇರೆ, ಅಂಕಿ ಬೇರೆ. ಇದರಲ್ಲಿ ಎರಡೂ ಒಂದೇ ಅನ್ಸುತ್ತೆ. ಇನ್ಮೇಲೆ ಅಂಕಿ ತಿದ್ದಬೇಡ, ಗೆರೆ ತಿದ್ದು." ಆ ಯಂತ್ರವನ್ನು ಒಮ್ಮೆಯೂ ಮುಟ್ಟದ ಅವರಿಗೆ ಅದರ ಮರ್ಮ ನನಗಿಂತ ಮೊದಲೇ ತಿಳಿದಿತ್ತು. ಮರುವರ್ಷ, 1994ರಲ್ಲಿ, ಬೋಯಿಂಗ್ 777 ವಿಮಾನ ಹಾರಿತು. ಅದರ ಭಾಗಗಳು ಒಂದಕ್ಕೊಂದು ಕೂರುತ್ತವೆಯೇ ಎಂಬುದನ್ನು ತಯಾರಿಗೆ ಮೊದಲೇ ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದ್ದರೆಂದು ಓದಿದಾಗ ನನಗೆ ನೆನಪಾದದ್ದು ನನ್ನ ಆ ಎರಡು ಪ್ಲೇಟುಗಳು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ಹಿರಿಯರು ಒಮ್ಮೆ ನನ್ನ ಹಿಂದೆ ನಿಂತು, "ನನಗೂ ಸ್ವಲ್ಪ ತೋರಿಸಪ್ಪ" ಎಂದು ಕೇಳಿದ್ದರು. "ನಾಳೆ ತೋರಿಸ್ತೀನಿ ಸಾರ್" ಎಂದೆ. ಕೆಲಸದ ಒತ್ತಡವೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಅವರೂ ಕಲಿತರೆ ನನ್ನ ಬೆಲೆ ಎಲ್ಲಿ ಕಡಿಮೆಯಾಗುವುದೋ ಎಂಬ ಭಯ. ಆ ನಾಳೆ ಬರಲಿಲ್ಲ. ಎರಡು ವರ್ಷದಲ್ಲಿ ಡ್ರಾಯಿಂಗ್ ಹಲಗೆಗಳು ಗುಜರಿಗೆ ಹೋದವು. ಟ್ರೇಸಿಂಗ್ ಮಾಡುತ್ತಿದ್ದ ಮೂವರೂ, ಆ ಹಿರಿಯರೂ ಕೆಲಸ ಬಿಟ್ಟು ಹೋದರು. ನನ್ನ ತಪ್ಪಿಗೆ ತಮ್ಮ ಸಹಿ ಮುಂದೊಡ್ಡಿದವರಿಗೆ ನಾನು ಒಂದು ಸಂಜೆಯನ್ನು ಕೊಡಲಿಲ್ಲ.

ಈಗ ಕಾಲ ಬೇರೆ. ಫ್ರೀಕ್ಯಾಡ್‌ನಂಥ ತಂತ್ರಾಂಶಗಳು ಯಾರಿಗೂ ಬಿಟ್ಟಿಯಾಗಿ ಸಿಗುತ್ತವೆ. ಅದರಲ್ಲಿ ಗೆರೆಗಳಿಗೆ ಸಮಾಂತರ, ಲಂಬ, ಸಮ ಎಂಬ ಸಂಬಂಧಗಳನ್ನು ಕೊಡಬಹುದು. ಎಲ್ಲವೂ ನಿಶ್ಚಿತವಾದಾಗ ಚಿತ್ರ ಹಸಿರಾಗುತ್ತದೆ. ಸದರ್‌ಲ್ಯಾಂಡ್ 1963ರಲ್ಲಿ ತೋರಿಸಿದ ದಾರಿಯೇ ಅದು. ಕಲಿಯಬಯಸುವ ಮಕ್ಕಳಿಗೆ ನನ್ನ ಸಲಹೆ: ಮೊದಲ ದಿನವೇ ವಿಮಾನ, ಕಾರು ಬರೆಯಲು ಹೋಗಬೇಡಿ. ನೀವು ಕೂರುವ ಬೆಂಚನ್ನೇ ಟೇಪು ಹಿಡಿದು ಅಳೆಯಿರಿ. ಕಾಗದದ ಮೇಲೆ ಕೈಯಲ್ಲಿ ಮೂರು ನೋಟ ಬರೆಯಿರಿ. ಆಮೇಲೆ ಕಂಪ್ಯೂಟರಿಗೆ ಇಳಿಸಿ. ಬಡಗಿಯೊಬ್ಬರು ನಿಮ್ಮ ನಕ್ಷೆಯನ್ನಷ್ಟೇ ನೋಡಿ ಆ ಬೆಂಚನ್ನು ಮಾಡುವಂತಿದ್ದರೆ ನೀವು ಕಲಿತಂತೆ.

ನಾನೀಗ ನಿವೃತ್ತನಾಗಿ ಊರಿಗೆ ಮರಳಿದ್ದೇನೆ. ಮುಖ್ಯೋಪಾಧ್ಯಾಯರು ಒಪ್ಪಿದರೆ ಶನಿವಾರ ಮಧ್ಯಾಹ್ನ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳ ಜೊತೆ ಕೂರಲು ಸಿದ್ಧನಿದ್ದೇನೆ. ದೊಡ್ಡವರೂ ಬರಬಹುದು. ಈ ಸಲ ಯಾರಿಗೂ ನಾಳೆ ಎನ್ನುವುದಿಲ್ಲ.