ಗುಂಡ್ಲುಪೇಟೆ ಐದು ಚೂರಾದ ಕತೆ: ಪೈಥಾನಿಗೆ ಹೋದ ಎರಡು ದೂರುಗಳು

ಗುಂಡ್ಲುಪೇಟೆ ದಾಟಿದರೆ ರಸ್ತೆ ಕವಲಾಗುತ್ತದೆ. ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಕಾಡು ದಾಟಿ ಕೇರಳದ ಸುಲ್ತಾನ್ ಬತ್ತೇರಿಗೆ. ನಮ್ಮ ಕಡೆಯ ನೇಂದ್ರ ಬಾಳೆ ಲಾರಿ ಹತ್ತಿ ಹೋಗುವುದು ಈ ಎರಡನೇ ರಸ್ತೆಯಲ್ಲಿ. ಕಾಡಿನ ಈಚೆ ನಾವು ‘ಬಾಳೆ’ ಅನ್ನುತ್ತೇವೆ, ‘ಮಳೆ’ ಅನ್ನುತ್ತೇವೆ. ಕಾಡಿನ ಆಚೆಯವರು ಅದೇ ಗಿಡಕ್ಕೆ, ಅದೇ ಮಳೆಗೆ ನಾಲಿಗೆ ಒಳಕ್ಕೆ ಮಡಿಚಿ ಬೇರೊಂದು ಸದ್ದು ಹೊರಡಿಸುತ್ತಾರೆ. ತಮಿಳಿನವರೂ ಹಾಗೆಯೇ. ನಮಗೆ ಅದು ‘ಳ’ವೂ ಅಲ್ಲ, ‘ರ’ವೂ ಅಲ್ಲ, ಎರಡರ ನಡುವಿನದು.

ಆ ಸದ್ದು ಒಂದು ಕಾಲಕ್ಕೆ ನಮ್ಮದೂ ಆಗಿತ್ತು. ಅದಕ್ಕೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿತ್ತು: ೞ. ಹಳಗನ್ನಡದಲ್ಲಿ ಮಳೆ ‘ಮೞೆ’, ಬಾಳೆ ‘ಬಾೞೆ’, ಏಳು ‘ಏೞು’. ಕತ್ತೆ ಕೂಡ ‘ಕೞ್ತೆ’ಯಾಗಿತ್ತು. ಕಾಲ ಕಳೆದಂತೆ ಈ ಸದ್ದು ಕೆಲವು ಕಡೆ ‘ಳ’ದೊಳಗೆ, ಕೆಲವು ಕಡೆ ‘ರ’ದೊಳಗೆ ಕರಗಿತು. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ಯಾವ ಪದಕ್ಕೆ ೞ, ಯಾವುದಕ್ಕೆ ಳ ಎಂಬುದೇ ಗೊಂದಲವಾಗಿತ್ತು. ಅದಕ್ಕೇ ಆತ ೞ ಬರುವ ಪದಗಳನ್ನು ಪಟ್ಟಿ ಮಾಡಿಟ್ಟ.

ಇಷ್ಟು ಹಳೆಯ ಅಕ್ಷರಕ್ಕೂ ಇಂದಿನ ಕಂಪ್ಯೂಟರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾವು ಪತ್ರಿಕೋದ್ಯಮ ಓದಿದವರು, ಕಂಪ್ಯೂಟರ್ ಪಂಡಿತರಲ್ಲ. ಆದರೂ ಈ ಸಂಬಂಧ ಹುಡುಕುತ್ತಾ ಹೋದಾಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಹೋದ ಎರಡು ದೂರುಗಳ ಕತೆ ಸಿಕ್ಕಿತು. ಎರಡೂ ನಮ್ಮ ಅಕ್ಷರಗಳಿಗೆ ಸಂಬಂಧಿಸಿದವು. ಒಂದು ಬೇಗ ಬಗೆಹರಿಯಿತು, ಇನ್ನೊಂದು ಇನ್ನೂ ಬಗೆಹರಿದಿಲ್ಲ. ಅವನ್ನೇ ಇಲ್ಲಿ ಹೇಳುತ್ತೇವೆ.

ಹಾವಲ್ಲದ ಪೈಥಾನ್

ಕಂಪ್ಯೂಟರಿಗೆ ಕೆಲಸ ಹೇಳಲು ಬಳಸುವ ಭಾಷೆಗಳಲ್ಲಿ ಪೈಥಾನ್ ಒಂದು. ನೆದರ್ಲೆಂಡ್ಸಿನ ಗೀಡೊ ವಾನ್ ರಾಸಮ್ 1989ರ ಡಿಸೆಂಬರ್ ರಜೆಯಲ್ಲಿ ಇದನ್ನು ಕಟ್ಟಲು ಶುರು ಮಾಡಿ 1991ರ ಫೆಬ್ರವರಿಯಲ್ಲಿ ಹೊರಗೆ ಬಿಟ್ಟರು. ಹೆಸರು ಬಂದಿದ್ದು ಹಾವಿನಿಂದಲ್ಲ, ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಹಾಸ್ಯ ಕಾರ್ಯಕ್ರಮದಿಂದ.

ಇದು ಮುಕ್ತ ತಂತ್ರಾಂಶ. ಅಂದರೆ ಒಳಗಿನ ಬರಹವೆಲ್ಲ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಪ್ಪು ಕಂಡರೆ ಹೇಳಬಹುದು, ತಿದ್ದಿ ಕಳಿಸಬಹುದು. ಕಳಿಸಿದ ತಿದ್ದುಪಡಿಯನ್ನು ಬಲ್ಲವರು ಪರೀಕ್ಷಿಸಿ ಸೇರಿಸುತ್ತಾರೆ. ಊರ ಕೆರೆಯ ಹೂಳೆತ್ತುವ ಕೆಲಸದ ಹಾಗೆ: ಕೆರೆ ಒಬ್ಬರದಲ್ಲ, ಬುಟ್ಟಿ ಹಿಡಿಯಲು ಯಾರೂ ಬರಬಹುದು, ಆದರೆ ಏರಿ ಒಡೆಯದಂತೆ ನೋಡಿಕೊಳ್ಳುವವರು ಕೆಲವರು ಇರಲೇಬೇಕು.

ಇಂಥ ತಪ್ಪಿಗೆ ‘ಬಗ್’ ಎನ್ನುತ್ತಾರೆ, ಅಂದರೆ ಹುಳ. ಟೊಮೆಟೊ, ಅರಿಸಿನ ಬೆಳೆಯುವ ನಮ್ಮ ಕಡೆಯವರಿಗೆ ಹುಳವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ಗಿಡ ಚೆನ್ನಾಗೇ ಇರುತ್ತದೆ, ಕಾಯಿ ಕುಯ್ದಾಗಲೇ ಒಳಗಿನ ಹುಳುಕು ಕಾಣುವುದು.

ಮೊದಲ ದೂರು: ಹೆಸರು ತಪ್ಪಿದ ಅಕ್ಷರ

ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಹೆಸರು ಕೊಡುವ ವ್ಯವಸ್ಥೆಗೆ ಯುನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ 1991ರಲ್ಲಿ ಬಂತು, ಕನ್ನಡ ಅದರಲ್ಲೇ ಇತ್ತು. ನಿಮ್ಮ ಫೋನಿನಲ್ಲಿ ಈ ಬರಹ ಕಾಣುತ್ತಿರುವುದೂ ಅದರ ದೆಸೆಯಿಂದಲೇ.

ನಮ್ಮ ೞ ಅಕ್ಷರಕ್ಕೂ ಅಲ್ಲಿ ಜಾಗ ಸಿಕ್ಕಿತು. ಆದರೆ ಹೆಸರು ಬರೆಯುವಾಗ ಎಡವಟ್ಟಾಯಿತು. ‘ಕನ್ನಡ ಲೆಟರ್ ಫಾ’ ಎಂದು ದಾಖಲಾಗಿಬಿಟ್ಟಿತು. ‘ಫ್ಯಾನ್’, ‘ಫೋನ್’ ಎನ್ನುವಾಗಿನ ಇಂಗ್ಲಿಷ್ ಸದ್ದಿಗೂ ಮೞೆ, ಬಾೞೆಗಳ ೞಕಾರಕ್ಕೂ ಎತ್ತಣಿಂದೆತ್ತ ಸಂಬಂಧ?

ತಪ್ಪು ಎಂದು ಗೊತ್ತಾದ ಮೇಲೆ ತಿದ್ದಿದರೆ ಆಯಿತಲ್ಲ ಅನ್ನಿಸುತ್ತದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬ ನಿಯಮವನ್ನು ಯುನಿಕೋಡ್ 1996ರ ಎರಡನೇ ಆವೃತ್ತಿಯಿಂದ ಪಾಲಿಸುತ್ತಿದೆ. ಆ ಹೆಸರುಗಳನ್ನು ನಂಬಿ ಲೆಕ್ಕವಿಲ್ಲದಷ್ಟು ಪ್ರೋಗ್ರಾಮುಗಳು ನಡೆಯುತ್ತಿರುತ್ತವೆ, ಹೆಸರು ಬದಲಾದರೆ ಅವು ಕೆಡುತ್ತವೆ ಎಂಬುದು ಕಾರಣ. ಹಾಗಾಗಿ ನಡುದಾರಿಯೊಂದನ್ನು ಹುಡುಕಿದರು. ತಪ್ಪು ಹೆಸರು ಹಾಗೇ ಇರಲಿ, ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರೂ ಇರಲಿ ಎಂದು. ಹೀಗೆ ೞಕ್ಕೆ ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂಬ ತಿದ್ದಿದ ಹೆಸರು ಅಧಿಕೃತವಾಗಿಯೇ ಸಿಕ್ಕಿತು. ಇದೇ ರೀತಿ ಹೆಸರು ತಪ್ಪಿದ ಬೇರೆ ಲಿಪಿಗಳ ಅಕ್ಷರಗಳನ್ನೂ ಸೇರಿಸಿ ಒಂದು ಪಟ್ಟಿ ಮಾಡಿದರು.

ಚಾಮರಾಜನಗರದವರಿಗೆ ಎರಡು ಹೆಸರು ಹೊಸದಲ್ಲ. ನಮ್ಮ ಜಿಲ್ಲಾ ಕೇಂದ್ರದ ಹಿಂದಿನ ಹೆಸರು ಅರಿಕುಠಾರ. ಅಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ನೆನಪಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಈಗಿನ ಹೆಸರಿಟ್ಟರು. ಗುಂಡ್ಲುಪೇಟೆಗೂ ವಿಜಯಪುರ ಎಂಬ ಹಳೆಯ ಹೆಸರಿದೆ. ಹಳೆಯ ಶಾಸನ ಓದುವವರಿಗೆ ಎರಡೂ ಹೆಸರು ಗೊತ್ತಿರಬೇಕು, ಒಂದೇ ಗೊತ್ತಿದ್ದರೆ ದಾರಿ ತಪ್ಪುತ್ತದೆ.

ಪೈಥಾನಿಗೆ ಆಗಿದ್ದೂ ಅದೇ. ಅದಕ್ಕೆ ತಪ್ಪು ಹೆಸರು ಮಾತ್ರ ಗೊತ್ತಿತ್ತು. ‘ಫಾ’ ಕೊಡು ಎಂದರೆ ೞ ಕೊಡುತ್ತಿತ್ತು. ತಿದ್ದಿದ ಹೆಸರು ಹೇಳಿ ಕೇಳಿದರೆ ಅಂಥ ಅಕ್ಷರವೇ ಇಲ್ಲ ಎನ್ನುತ್ತಿತ್ತು. ತಪ್ಪು ಹೇಳಿದವರಿಗೆ ಬಾಗಿಲು ತೆರೆದು ಸರಿ ಹೇಳಿದವರನ್ನು ಹೊರಗೆ ನಿಲ್ಲಿಸಿದ ಹಾಗೆ.

2011ರ ಆಗಸ್ಟಿನಲ್ಲಿ ಟಾಮ್ ಕ್ರಿಶ್ಚಿಯನ್‌ಸನ್ ಈ ಬಗ್ಗೆ ದೂರು ಕೊಟ್ಟರು. ಅವರು ಪರ್ಲ್ ಎಂಬ ಇನ್ನೊಂದು ಭಾಷೆಯಲ್ಲಿ ಹೆಸರು ಮಾಡಿದವರು. ಪಕ್ಕದ ಊರಿನವರು ಬಂದು ನಮ್ಮ ಬೇಲಿಯ ಕಿಂಡಿ ತೋರಿಸಿದಂತೆ ಇದು. ದೂರಿನ ಸಂಖ್ಯೆ 12753. ಪೈಥಾನ್ ತಂಡದ ಎಜಿಯೊ ಮೆಲೊಟ್ಟಿ ಅದನ್ನು ಕೈಗೆತ್ತಿಕೊಂಡು ತಿದ್ದಿದರು. 2012ರ ಸೆಪ್ಟೆಂಬರ್ 29ರಂದು ಬಂದ ಪೈಥಾನ್ 3.3ರಲ್ಲಿ ಆ ತಿದ್ದುಪಡಿ ಸೇರಿತು. ಅಂದಿನಿಂದ ಸರಿಯಾದ ಹೆಸರಿನಿಂದ ಕರೆದರೂ ೞ ಓಗೊಡುತ್ತದೆ.

ಆದರೆ ‘ನಿನ್ನ ಹೆಸರೇನು’ ಎಂದು ಕೇಳಿದರೆ ಇಂದಿಗೂ ‘ಫಾ’ ಎಂದೇ ಹೇಳುತ್ತದೆ. ಅದು ಯುನಿಕೋಡಿನ ನಿಯಮ, ಪೈಥಾನಿನವರು ತಿದ್ದುವಂತಿಲ್ಲ.

ಎರಡನೇ ದೂರು: ಚೂರಾಗುವ ಊರು

ಎರಡನೆಯದು ನಮ್ಮಂಥವರಿಗೆ ನೇರವಾಗಿ ತಟ್ಟುವಂಥದ್ದು. ಒಂದು ಬರಹದಲ್ಲಿ ಎಷ್ಟು ಪದಗಳಿವೆ ಎಂದು ಎಣಿಸಬೇಕು, ಪಟ್ಟಿಯಲ್ಲಿ ಒಂದು ಊರಿನ ಹೆಸರು ಹುಡುಕಬೇಕು ಎಂದಿಟ್ಟುಕೊಳ್ಳಿ. ಇದಕ್ಕೆ ಪೈಥಾನಿನಲ್ಲಿ ಒಂದು ಸಣ್ಣ ಗುರುತು ಇದೆ. ಇಂಗ್ಲಿಷಿನ ಓರೆಗೆರೆ ಹಾಕಿ ಮುಂದೆ ಡಬ್ಲ್ಯೂ ಬರೆದರೆ ‘ಪದದೊಳಗೆ ಬರುವ ಅಕ್ಷರ’ ಎಂದರ್ಥ. ಅಂಥ ಅಕ್ಷರಗಳು ಸಾಲಾಗಿ ಎಲ್ಲಿಯವರೆಗೆ ಬರುತ್ತವೋ ಅಲ್ಲಿಯವರೆಗೆ ಒಂದು ಪದ ಎಂದು ಪ್ರೋಗ್ರಾಮು ಎಣಿಸುತ್ತದೆ.

ಇಂಗ್ಲಿಷಿಗೆ ಇದು ಸಲೀಸು. ಅಲ್ಲಿ ಸ್ವರವೂ ಒಂದು ಪೂರ್ತಿ ಅಕ್ಷರ. ಕನ್ನಡದಲ್ಲಿ ಹಾಗಲ್ಲ. ಒಂದನೇ ತರಗತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಕಾಗುಣಿತ ನೆನಪಿಸಿಕೊಳ್ಳಿ: ದೀರ್ಘ, ಗುಡಿಸು, ಕೊಂಬು, ಎತ್ವ, ಸೊನ್ನೆ. ಇವು ವ್ಯಂಜನಕ್ಕೆ ಅಂಟಿಕೊಂಡು ಬರುವ ಗುರುತುಗಳು. ಯುನಿಕೋಡ್ ಇವನ್ನು ‘ಅಕ್ಷರ’ ಎನ್ನದೆ ‘ಚಿಹ್ನೆ’ ಎಂಬ ಬೇರೆ ಗುಂಪಿಗೆ ಹಾಕಿದೆ. ಪೈಥಾನಿನ ಆ ಗುರುತಿಗೆ ಅಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ ಗೊತ್ತು. ಚಿಹ್ನೆ ಕಂಡ ಕೂಡಲೇ ಪದ ಮುಗಿಯಿತು ಎಂದು ಅಲ್ಲಿಗೇ ಕತ್ತರಿಸುತ್ತದೆ.

ಪರಿಣಾಮ ನೋಡಿ. ‘ಚಾಮರಾಜನಗರ’ ಎಂದು ಕೊಟ್ಟರೆ ಸಿಗುವುದು ಮೂರು ಪದ: ಚ, ಮರ, ಜನಗರ. ‘ಗುಂಡ್ಲುಪೇಟೆ’ ಐದು ಚೂರು: ಗ, ಡ, ಲ, ಪ, ಟ. ತೆರಕಣಾಂಬಿ ‘ತ, ರಕಣ, ಬ’ ಆಗುತ್ತದೆ. ಯಳಂದೂರು ‘ಯಳ, ದ, ರ’ ಆಗುತ್ತದೆ. ಹಂಗಳ ‘ಹ, ಗಳ’. ಕೊಂಬೂ ಇಲ್ಲ, ದೀರ್ಘವೂ ಇಲ್ಲ. ಪೈಥಾನ್ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಮಾಡಿ ತೋರಿಸಲು ಹೇಳಿ, ಎರಡು ಸಾಲಿನ ಕೆಲಸ. ಊರು ಯಾವುದೆಂದು ಗುರುತೂ ಸಿಗದ ಈ ಚೂರುಗಳಲ್ಲಿ ನಮ್ಮ ಹೆಸರನ್ನು ಹುಡುಕುವುದು ಹೇಗೆ?

ಇದರ ಬಗ್ಗೆ ದೂರು ಹೋಗಿದ್ದು 2007ರ ಏಪ್ರಿಲಿನಲ್ಲಿ, ಸಂಖ್ಯೆ 1693050. ದೂರು ಕೊಟ್ಟವರು ಹಿಂದಿ, ಮರಾಠಿ ಬರೆಯುವ ದೇವನಾಗರಿ ಲಿಪಿಯಲ್ಲಿ ಪದಗಳು ತುಂಡಾಗುವುದನ್ನು ಕಂಡಿದ್ದರು. ಕಾಗುಣಿತ ಇರುವ ಲಿಪಿಗಳಿಗೆಲ್ಲ ಇದೇ ಪಾಡು. 2011ರಲ್ಲಿ ಕ್ರಿಶ್ಚಿಯನ್‌ಸನ್ ಕೂಡ ಇದನ್ನೇ ಮತ್ತೆ ಎತ್ತಿದರು. ಪದ ಎಣಿಸುವಾಗ ಚಿಹ್ನೆಗಳನ್ನೂ ಸೇರಿಸಿಕೊಳ್ಳಬೇಕು ಎಂದು ಯುನಿಕೋಡಿನ ಮಾರ್ಗಸೂಚಿಯೇ ಹೇಳುತ್ತದೆ. ಪರ್ಲ್ ಭಾಷೆ ಹಾಗೆಯೇ ಮಾಡುತ್ತದೆ.

ವಿಚಿತ್ರ ಎಂದರೆ ಪೈಥಾನ್ ತನ್ನ ಇನ್ನೊಂದು ಬಾಗಿಲಲ್ಲಿ ನಮ್ಮ ಪದಗಳನ್ನು ಇಡಿಯಾಗಿಯೇ ಒಳಗೆ ಬಿಡುತ್ತದೆ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.0ದಿಂದ ಪ್ರೋಗ್ರಾಮಿನೊಳಗಿನ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಅಲ್ಲಿ ‘ಗುಂಡ್ಲುಪೇಟೆ’ ಎಂದು ಬರೆದರೆ ಅದು ಒಂದೇ ಹೆಸರು, ಒತ್ತಕ್ಷರ ಕೊಂಬು ಸಮೇತ. ಹುಡುಕುವ ಬಾಗಿಲಿಗೆ ಬಂದಾಗ ಮಾತ್ರ ಅದೇ ಊರು ಐದು ಚೂರು.

ಹಾಗಾದರೆ ಇಷ್ಟು ವರ್ಷ ಏಕೆ ತಿದ್ದಲಿಲ್ಲ? ಯಾರಿಗೂ ನಮ್ಮ ಮೇಲೆ ಹಗೆಯಿಲ್ಲ. ಆ ಗುರುತನ್ನು ಬಳಸಿದ ಪ್ರೋಗ್ರಾಮುಗಳು ಜಗತ್ತಿನ ತುಂಬ ಇವೆ. ಅರ್ಥ ಬದಲಿಸಿದರೆ ಅವುಗಳಲ್ಲಿ ಎಷ್ಟು ಮುಗ್ಗರಿಸುತ್ತವೋ ಎಂಬ ಭಯ ದೊಡ್ಡದು. ಹೊಲದ ನಡುವೆ ಕಾಲುದಾರಿ ಬಿದ್ದ ಮೇಲೆ ಅದು ಸೊಟ್ಟಗಿದ್ದರೂ ಊರೆಲ್ಲ ಅದರಲ್ಲೇ ಓಡಾಡುತ್ತದೆ, ನೇರ ಮಾಡಲು ಹೋದರೆ ಜಗಳ. ಇನ್ನೊಂದು ಕಾರಣವೂ ಇದೆ ಎಂದು ನಮಗನ್ನಿಸುತ್ತದೆ. ತೊಂದರೆ ಅನುಭವಿಸುವವರು ಹಿಂದಿ, ಕನ್ನಡ, ತಮಿಳು ಬರೆಯುವವರು. ತಿದ್ದುವ ಕೈಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲೇ ಕೆಲಸ ಮಾಡುವಂಥವು. ನೋವು ಒಂದು ಕಡೆ, ಔಷಧಿ ಇನ್ನೊಂದು ಕಡೆ.

ಈ ನಡುವೆ ದೂರು ಮಾತ್ರ ಕಚೇರಿಯಿಂದ ಕಚೇರಿಗೆ ಅಲೆಯಿತು. ಪೈಥಾನಿನ ದೂರುಪುಸ್ತಕ ಮೊದಲು ಸೋರ್ಸ್‌ಫೋರ್ಜ್ ಎಂಬ ತಾಣದಲ್ಲಿತ್ತು, ಆಮೇಲೆ ಪೈಥಾನಿನ ಸ್ವಂತ ತಾಣಕ್ಕೆ ಬಂತು, 2022ರಲ್ಲಿ ಗಿಟ್‌ಹಬ್‌ಗೆ ಹೋಯಿತು. ಕಡತವೂ ಜೊತೆಗೆ ಹೋಯಿತು. ಒಂದು ಸಮಾಧಾನವೆಂದರೆ ಕಳೆದುಹೋಗಲಿಲ್ಲ. ಯಾರು ಯಾವತ್ತು ಏನು ಹೇಳಿದರು ಎಂಬುದು ಇವತ್ತಿಗೂ ಯಾರು ಬೇಕಾದರೂ ಓದುವಂತೆ ಅಲ್ಲಿದೆ. ಕಾಯಲಾರದವರಿಗೆ ಒಂದು ಪಕ್ಕದ ದಾರಿಯೂ ಇದೆ: ‘ರೆಜೆಕ್ಸ್’ ಎಂಬ ಹೆಸರಿನ ಹೊರಗಿನ ಉಪಕರಣವನ್ನು ಸೇರಿಸಿಕೊಂಡರೆ ಅದು ಪದಗಳನ್ನು ತುಂಡು ಮಾಡುವುದಿಲ್ಲ.

ತಿದ್ದುವುದು ನಮಗೆ ಹೊಸದಲ್ಲ

ಬಿ.ಎಲ್. ರೈಸ್ ನಮ್ಮ ಸೀಮೆಯ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಚಾಮರಾಜನಗರ, ಗುಂಡ್ಲುಪೇಟೆಗಳ ಶಾಸನಗಳಿರುವ ಸಂಪುಟ ಬಂದಿದ್ದು 1898ರಲ್ಲಿ. ಮುಂದೆ 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅವನ್ನು ಪರಿಷ್ಕರಿಸಿ, ಹೊಸದಾಗಿ ಸಿಕ್ಕ ಶಾಸನಗಳನ್ನೂ ಸೇರಿಸಿ ಮತ್ತೆ ಹೊರತಂದಿತು. ಮೊದಲ ಓದು ಅಚ್ಚಾಗಿ ಎಲ್ಲರ ಮುಂದೆ ಇದ್ದುದರಿಂದಲೇ ಎರಡನೇ ಓದು ಸಾಧ್ಯವಾಯಿತು. ಮುಕ್ತ ತಂತ್ರಾಂಶದ ರೀತಿಯೂ ಇದೇ.

ದೂರು ಕೊಡುವುದಕ್ಕೂ ಒಂದು ಕ್ರಮವಿದೆ. ಲೈನ್‌ಮನ್‌ಗೆ ಫೋನ್ ಮಾಡಿ ‘ಕರೆಂಟ್ ಇಲ್ಲ ಕಣಣ್ಣ’ ಎಂದರೆ ಆತ ‘ಎಲ್ಲಿ, ಯಾವಾಗಿಂದ, ಪಕ್ಕದ ಮನೆಗೆ ಇದೆಯಾ’ ಎಂದೇ ಕೇಳುತ್ತಾನೆ. ‘ಶಾಲೆ ಹಿಂದಿನ ಕಂಬದಲ್ಲಿ ಬೆಳಿಗ್ಗೆ ಆರರಿಂದ ಕಿಡಿ ಬರುತ್ತಿದೆ’ ಎಂದರೆ ಏಣಿ ಹಿಡಿದು ನೇರ ಅಲ್ಲಿಗೇ ಬರುತ್ತಾನೆ. ಇಲ್ಲೂ ಹಾಗೆಯೇ. ನಾನು ಏನು ಕೊಟ್ಟೆ, ಏನು ಬಂತು, ಏನು ಬರಬೇಕಿತ್ತು, ಯಾವ ಆವೃತ್ತಿಯಲ್ಲಿ. ಈ ನಾಲ್ಕನ್ನು ಚಿಕ್ಕದಾಗಿ ಹೇಳಿದರೆ ಸಾಕು. ‘ಗುಂಡ್ಲುಪೇಟೆ ಕೊಟ್ಟೆ, ಐದು ಚೂರು ಬಂತು, ಒಂದೇ ಪದ ಬರಬೇಕಿತ್ತು’ ಎಂಬುದು ಒಳ್ಳೆಯ ದೂರು.

ಇದಕ್ಕೆ ದೊಡ್ಡ ಇಂಜಿನಿಯರೇ ಆಗಬೇಕಿಲ್ಲ. ಕಾಗುಣಿತ ಬಲ್ಲ ಕಣ್ಣು ಬೇಕು. ‘ಗ, ಡ, ಲ, ಪ, ಟ’ ತಪ್ಪು ಎಂದು ಅಮೆರಿಕದವರಿಗೆ ನೋಡಿದ ಕೂಡಲೇ ಹೊಳೆಯದು. ನಮ್ಮೂರಿನ ಮೂರನೇ ತರಗತಿ ಮಗುವಿಗೆ ಹೊಳೆಯುತ್ತದೆ. ಪೈಥಾನ್ ಕಲಿಯುತ್ತಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ತಮ್ಮ ಹೆಸರು, ತಮ್ಮೂರ ಹೆಸರು ಕೊಟ್ಟು ನೋಡಲಿ, ಕಂಡಿದ್ದನ್ನು ಬರೆದಿಡಲಿ. 2007ರ ಆ ಕಡತ ಇನ್ನೂ ತೆರೆದೇ ಇದೆ. ಅದನ್ನು ಮುಚ್ಚುವ ತಿದ್ದುಪಡಿ ಹಂಗಳದಿಂದಲೋ ತೆರಕಣಾಂಬಿಯಿಂದಲೋ ಹೋದರೆ ನಾವು ಆ ಸುದ್ದಿಯನ್ನೂ ಇಲ್ಲೇ ಬರೆಯುತ್ತೇವೆ.