ಉಜಿರೆಯ ಉಚಿತ ಕೋರ್ಸು

ಮೋಟರ್ ರಿವೈಂಡಿಂಗ್ ಕಲಿಯಬೇಕೆಂದರೆ ಬೆಳ್ತಂಗಡಿ ತಾಲ್ಲೂಕಿನ ಅಳದಂಗಡಿಯ ಹುಡುಗನಿಗೆ ಇವತ್ತು ಮೊಬೈಲಿನಲ್ಲೇ ಕೋರ್ಸು ಸಿಗುತ್ತದೆ. ಅವನ ಅಪ್ಪನ ಕಾಲದಲ್ಲಿ ಹಾಗಿರಲಿಲ್ಲ.

ಪಾಠ ದೂರಕ್ಕೆ ಕಳಿಸುವುದೇನೂ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತ್ತು. ಆದರೆ ಅದು ಪದವಿಗೆ, ಕಸುಬಿಗಲ್ಲ.

ಕಸುಬಿನ ಕೋರ್ಸು ಬಂದದ್ದು 1982ರಲ್ಲಿ, ಇದೇ ಬೆಳ್ತಂಗಡಿ ತಾಲ್ಲೂಕಿನ ಉಜಿರೆಗೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಎಸ್‌ಡಿಎಂ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಕೆಲವೇ ವಾರಗಳ ತರಬೇತಿ; ಊಟ, ವಸತಿ ಸಹಿತ ಉಚಿತ. ಹೊಲಿಗೆ, ಹೈನುಗಾರಿಕೆ, ರಿಪೇರಿ ಕೆಲಸಗಳ ಜತೆಗೆ ಲೆಕ್ಕ ಬರೆಯುವುದು, ಗಿರಾಕಿಯನ್ನು ಹಿಡಿಯುವುದು, ಸಾಲಕ್ಕೆ ಅರ್ಜಿ ಹಾಕುವುದೂ ಪಾಠವೇ.

ಪುಕ್ಕಟೆ ಪಾಠದಿಂದ ಬ್ಯಾಂಕಿಗೇನು ಲಾಭ? ಕಲಿತವನು ಸಾಲ ಪಡೆಯುತ್ತಾನೆ, ಅಂಗಡಿ ನಡೆದರೆ ಕಂತು ಕಟ್ಟುತ್ತಾನೆ. ಹಾಗಾಗಿ ತರಬೇತಿ ಮುಗಿದ ಮೇಲೂ ಬೆನ್ನುಬಿಡದೆ ವಿಚಾರಿಸುವ ಕ್ರಮವಿದೆ. ಈಗಿನ ಆನ್‌ಲೈನ್ ಕೋರ್ಸುಗಳಲ್ಲಿ ಕೊರತೆ ಇರುವುದು ಇಲ್ಲೇ: ಫೋನು, ಕಾಲರ್ ಮೈಕು, ಯುಪಿಐ ಇದ್ದರೆ ಪಾಠ ಮಾರಬಹುದು, ದುಡ್ಡು ಬಂದ ಮೇಲೆ ಕಲಿತವನ ಗತಿ ಕೇಳುವವರು ಕಡಿಮೆ.

ಉಜಿರೆಯ ಮಾದರಿಯನ್ನೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮುಂದೆ ದೇಶದ ಜಿಲ್ಲೆಗಳಿಗೆ ಒಯ್ದಿತು. ಬ್ಯಾಂಕುಗಳು ನಡೆಸುವ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆಗಳು ಹುಟ್ಟಿದ್ದು ಹಾಗೆ.