ಕಾಪುವಿನ ದೀಪ, ಖಾಂದೇರಿಯ ದೀಪ

ಅಂಧೇರಿಗೆ ಬಂದು ನಲವತ್ತು ವರ್ಷವಾದರೂ ನಾನು ಖಾಂದೇರಿ ದ್ವೀಪವನ್ನು ನೋಡಿರಲಿಲ್ಲ. ಕಳೆದ ಚಳಿಗಾಲದಲ್ಲಿ ನಾವು ನಾಲ್ವರು ಗೆಳತಿಯರು ಗೇಟ್‌ವೇಯಿಂದ ಬೋಟ್ ಹಿಡಿದು ಮಾಂಡ್ವಾಕ್ಕೆ ಹೋದೆವು. ಅಲ್ಲಿಂದ ಅಲಿಬಾಗ್ ಬಳಿಯ ಥಳ್ ಎಂಬ ಊರಿಗೆ ಹೋಗಿ, ಕೋಳಿ ಮೀನುಗಾರರ ದೋಣಿ ಹತ್ತಿದೆವು. ದೂರದಿಂದಲೇ ದೀಪಸ್ತಂಭ ಕಂಡಿತು. ನನಗೆ ತಟ್ಟನೆ ನೆನಪಾದದ್ದು ನಮ್ಮೂರು ಕಾಪು.

ಖಾಂದೇರಿಯ ಕಥೆ ದೊಡ್ಡದು. 1679ರಲ್ಲಿ ಶಿವಾಜಿ ಮಹಾರಾಜರು ಇಲ್ಲಿ ಕೋಟೆ ಕಟ್ಟಿಸತೊಡಗಿದಾಗ ಮುಂಬಯಿಯ ಇಂಗ್ಲಿಷರು ಹಡಗುಗಳನ್ನು ಕಳಿಸಿ ತಡೆಯಲು ನೋಡಿದರು. ತಮ್ಮ ಬಂದರಿನ ಬಾಯಲ್ಲೇ ಮರಾಠರು ನೆಲೆಯೂರುವುದು ಅವರಿಗೆ ಬೇಕಿರಲಿಲ್ಲ. ಆದರೂ ಕೋಟೆ ಎದ್ದಿತು. ಪಕ್ಕದ ಉಂದೇರಿ ದ್ವೀಪದಲ್ಲಿ ಜಂಜೀರದ ಸಿದ್ದಿಗಳು ಬಂದು ಕುಳಿತರು. ಮುಂದೆ ಕಾನ್ಹೋಜಿ ಆಂಗ್ರೆಯವರ ಕಾಲದಲ್ಲಿ ಮರಾಠಾ ನೌಕಾಬಲಕ್ಕೆ ಇದೊಂದು ಮುಖ್ಯ ಠಾಣೆ. 1867ರಲ್ಲಿ ಬ್ರಿಟಿಷರು ಇಲ್ಲಿ ದೀಪಸ್ತಂಭ ಬೆಳಗಿಸಿದರು. ಹಡಗುಗಳನ್ನು ತಡೆಯಲು ಕಟ್ಟಿದ ಜಾಗ ಹಡಗುಗಳಿಗೆ ದಾರಿ ತೋರಿಸುವ ಜಾಗವಾಯಿತು. 1998ರಲ್ಲಿ ದ್ವೀಪಕ್ಕೆ ಕಾನ್ಹೋಜಿ ಆಂಗ್ರೆಯವರ ಹೆಸರಿಟ್ಟರು. 2025ರಲ್ಲಿ ಖಾಂದೇರಿ ಕೋಟೆ ಇತರ ಮರಾಠಾ ಕೋಟೆಗಳ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ದ್ವೀಪದಲ್ಲಿ ಕೋಳಿಗಳು ನಂಬುವ ವೇತಾಳ ದೇವರ ಗುಡಿಯಿದೆ. ಸಣ್ಣ ಕಲ್ಲಿನಿಂದ ತಟ್ಟಿದರೆ ಲೋಹದ ಪಾತ್ರೆಯಂತೆ ಠಣ್ ಎನ್ನುವ ಬಂಡೆಯೊಂದಿದೆ. ನಾವೂ ಮಕ್ಕಳಂತೆ ತಟ್ಟಿ ನೋಡಿದೆವು. ಬುರುಜಿನ ಮೇಲೆ ನಿಂತರೆ ಮೂರು ಕಡೆ ಅಲೆ, ಒಂದು ಕಡೆ ದೂರದಲ್ಲಿ ಅಲಿಬಾಗ್ ತೀರದ ತೆಂಗಿನ ಸಾಲು.

ನಮ್ಮ ಕಾಪುವಿನ ದೀಪಸ್ತಂಭ 1901ರದ್ದು. ಬಂಡೆಯ ಮೇಲೆ ಸುಮಾರು 27 ಮೀಟರ್ ಎತ್ತರಕ್ಕೆ ನಿಂತಿದೆ. ಒಂದೊಂದು ದೀಪಸ್ತಂಭದ ಮಿಂಚು ಒಂದೊಂದು ಬಗೆ. ಎಷ್ಟು ಸಲ, ಎಷ್ಟು ಹೊತ್ತಿಗೊಮ್ಮೆ ಮಿಂಚುತ್ತದೆ ಎಂದು ಎಣಿಸಿ ನಾವಿಕರು ಊರನ್ನು ಗುರುತಿಸುತ್ತಾರೆ. ನಮ್ಮ ಅಜ್ಜಿಗೂ ಆ ಎಣಿಕೆ ಬರುತ್ತಿತ್ತು. ಅಜ್ಜ ಮದುವೆಯಾದ ವರ್ಷವೇ ಮಂಗಳೂರಿನಲ್ಲಿ ಸ್ಟೀಮರ್ ಹತ್ತಿ ಮುಂಬಯಿಗೆ, ಹೋಟೆಲ್ ಕೆಲಸಕ್ಕೆ ಹೊರಟರು. ಸ್ಟೀಮರ್ ಕಾಪುವಿನ ಎದುರು ಹಾದುಹೋಗುವ ರಾತ್ರಿ ಅಜ್ಜಿ ಅಂಗಳದಲ್ಲಿ ಕುಳಿತು ದೀಪ ನೋಡುತ್ತಿದ್ದರಂತೆ. “ಈಗ ಅವರಿಗೂ ಇದೇ ದೀಪ ಕಾಣುತ್ತಿರಬಹುದು” ಎಂಬುದೇ ಅವರಿಗಿದ್ದ ಸಮಾಧಾನ. ಆಮೇಲೆ ಮಳೆಗಾಲ. ಸ್ಟೀಮರ್ ಬಂದ್. ಕಾಗದ ಬಂದರೂ ಓದಲು ಅಜ್ಜಿಗೆ ಅಕ್ಷರ ಬಾರದು.

ಕಾಪುವಿನಲ್ಲಿ ದೀಪ ಹೊತ್ತಿದ ಮರುವರ್ಷ, 1902ರಲ್ಲಿ, ನಮ್ಮ ತೀರದಿಂದ ಬಂದವರು ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು. ಇಂದು ಅಂಧೇರಿಯ ಮೊಗವೀರ ಭವನದ ಮುಂದೆ ಓಡಾಡುವಾಗಲೆಲ್ಲ ಆ ಎರಡು ಇಸವಿಗಳು ನನಗೆ ಒಟ್ಟಿಗೇ ನೆನಪಾಗುತ್ತವೆ. ಬಂದವರ ಹೆಸರು ಸಂಘಗಳ ದಾಖಲೆಯಲ್ಲಿ ಉಳಿಯಿತು. ಊರಿನಲ್ಲಿ ಗದ್ದೆ, ದನ, ಮಕ್ಕಳು, ಅತ್ತೆಮಾವ ಎಲ್ಲವನ್ನೂ ನೋಡಿಕೊಂಡು ಉಳಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ದಕ್ಷಿಣದಿಂದ ಬರುವ ಹಡಗಿಗೆ ಮುಂಬಯಿ ಬಂತೆಂದು ಮೊದಲು ಹೇಳುತ್ತಿದ್ದದ್ದು ಖಾಂದೇರಿಯ ದೀಪ. ಅಜ್ಜ ಅದನ್ನು ಎಷ್ಟೋ ಸಲ ನೋಡಿರಬೇಕು. ಅಜ್ಜಿ ಒಮ್ಮೆಯೂ ನೋಡಲಿಲ್ಲ. ಕಾಪು ಬಿಟ್ಟು ಅವರು ಹೊರಗೆ ಹೋದವರೇ ಅಲ್ಲ. ಅವರ ಬದಲಿಗೆ ನಾನು ನೋಡಿ ಬಂದೆ ಎಂದುಕೊಂಡಿದ್ದೇನೆ.

ಗೆಳತಿಯರೇ, ನಿಮ್ಮ ಮನೆಯಲ್ಲಿ ಸ್ಟೀಮರ್ ಕಾಲದ ಹಿರಿಯರು ಯಾರಾದರೂ ಇದ್ದರೆ ಈ ಭಾನುವಾರವೇ ಪಕ್ಕದಲ್ಲಿ ಕುಳಿತು ಕೇಳಿ, ಬರೆದಿಡಿ. ಬಂದವರ ಕಥೆಯಷ್ಟೇ ಅಲ್ಲ, ಕಾದವರ ಕಥೆಯನ್ನೂ. ನಾನು ಕೇಳುವುದಕ್ಕೆ ತಡಮಾಡಿದೆ. ಅಜ್ಜಿ ಎಣಿಸುತ್ತಿದ್ದ ಆ ಲೆಕ್ಕ ಈಗ ನನಗೆ ಗೊತ್ತಿಲ್ಲ.